ಡಾಂಬರಿನ ಹಡಗಿನವನು ಕೇಳಿದ್ದು

ಪೈಪು ಜೋಡಿಸಲು ಇನ್ನೂ ಅರ್ಧ ಗಂಟೆ ಎಂದರು.
ಹಡಗಿನ ಅಡುಗೆಯವನು ರೆನಾತೊ
ಜೆಟ್ಟಿಯ ಕಬ್ಬಿಣದ ಗೂಟದ ಮೇಲೆ ಕೂತು
ಸಿಗರೇಟು ಹಚ್ಚಿ ಕೇಳಿದ:
ನೀನು ಹಿಂದೂ ಅಲ್ಲವೇ? ಹಾಗಂದರೇನು, ಸ್ವಲ್ಪ ಹೇಳು.

ನಾನು ಕಾರವಾರ ಬಂದರಿನ ಲೆಕ್ಕದ ಗುಮಾಸ್ತ.
ಟನ್ನು ಕೇಳಿದರೆ ಟನ್ನು ಹೇಳಬಲ್ಲೆ.
ದೇವರು ಒಬ್ಬ, ಹೆಸರು ಸಾವಿರ ಎಂದೆ,
ಶಾಲೆಯ ಭಾಷಣ ಸ್ಪರ್ಧೆಯಲ್ಲಿ ಹೇಳಿದ ಹಾಗೆ.
ಕರ್ಮ ಎಂದೆ. ಪುನರ್ಜನ್ಮ ಎಂದೆ.
ಅವನು ತಲೆಯಾಡಿಸಿದ,
ಬೇರೆ ಯಾವುದೋ ಕಡಲಿನ ಹವಾಮಾನ ಕೇಳಿದವನಂತೆ.

ಹೇಳದೆ ಉಳಿದದ್ದು ಇದು.

ನಮ್ಮ ಬೈತಖೋಲದಲ್ಲಿ ಚಪ್ಪಲಿ ಮೆಟ್ಟಿ ದೋಣಿ ಹತ್ತುವುದಿಲ್ಲ.
ಅದು ಅವಳ ಮೈ ಎನ್ನುತ್ತಾರೆ.
ಅವಳು ಯಾರು ಎಂದರೆ
ಬಲೆಯ ಹರಕು ಹುಡುಕತೊಡಗುತ್ತಾರೆ.

ನೂಲು ಹುಣ್ಣಿಮೆಗೆ ಕಡಲಿಗೊಂದು ತೆಂಗಿನಕಾಯಿ.
ಎಸೆಯುವುದಲ್ಲ; ಸೊಂಟದ ನೀರಿಗಿಳಿದು
ಕೈಗೆ ಕೊಟ್ಟ ಹಾಗೆ ಬಿಡುವುದು.
ಅದು ಸಂಜೆಯೊಳಗೆ ದಡಕ್ಕೇ ಬರುತ್ತದೆ.
ಹುಡುಗರಾಗಿದ್ದಾಗ ಹೆಕ್ಕಿ ಒಡೆದು ತಿಂದಿದ್ದೇವೆ.
ಕಡಲು ಬೈಯಲಿಲ್ಲ, ಬೈದದ್ದು ಆಯಿ.

ಆಯಿ, ಶೇವಂತಿ, ಪೇಟೆಯಲ್ಲಿ ಮೀನು ಮಾರುವಳು.
ಬೋಣಿಯ ನೋಟನ್ನು ತಕ್ಕಡಿಗೆ ಮುಟ್ಟಿಸಿ
ಕಣ್ಣಿಗೊತ್ತಿಕೊಂಡ ಮೇಲೇ ಚಿಲ್ಲರೆ.
ಸೋಮವಾರ ಮಾರುವಳು, ತಿನ್ನಳು.
ಶ್ರಾವಣದಲ್ಲಿ ಗಿರಾಕಿಯೇ ಇಲ್ಲ:
"ಪುಣ್ಯ ಅವರಿಗೆ, ಉಪವಾಸ ನಮಗೆ" ಎಂದು ನಕ್ಕು
ತುಳಸಿಗೆ ನೀರು ಹೊಯ್ಯುವಳು.
ಮಂತ್ರ ಬಾರದು. "ಎಲ್ಲ ಗೊತ್ತಲ್ಲ ನಿನಗೆ" ಎನ್ನುವಳು,
ಅಷ್ಟೇ.

ಒಂದು ಕಾರ್ತಿಕದಲ್ಲಿ ಅಪ್ಪ, ಪುರ್ಸು ತಾಂಡೇಲ್,
ದೇವಗಡದ ದೀಪದಾಚೆ ಹೋದವನು ಬರಲಿಲ್ಲ.
ಒಂದು ಹಲಗೆ ಬಂತು. ಬಲೆಯ ಬುರುಡೆ ಬಂತು.
ಹನ್ನೊಂದನೆಯ ದಿನ ದೇವಿಯ ಬಳಿ ಹೋದೆವು.
ಗುನಗ ಒದ್ದೆ ಎಸಳೊಂದನ್ನು ಕಲ್ಲಿಗೆ ಅಂಟಿಸಿದ:
ಬಲಕ್ಕೆ ಬಿದ್ದರೆ ಇದ್ದಾನೆ,
ಎಡಕ್ಕೆ ಬಿದ್ದರೆ ಇಲ್ಲ.

ಎಸಳು ಬೀಳಲೇ ಇಲ್ಲ.

ದೀಪಕ್ಕೆ ಮೂರು ಸಲ ಎಣ್ಣೆ ಹಾಕಿದರು.
ಗುನಗ ಬೇಡಿದ, ಗದರಿದ,
"ಬಾಗಿಲಲ್ಲಿ ಹೆಂಗಸು ನಿಂತಿದ್ದಾಳೆ, ಬಾಯಿ ಬಿಡು" ಎಂದ.
ಕಲ್ಲು ಬೆವರಿತು, ಎಸಳು ಕದಲಲಿಲ್ಲ.
ಕೊನೆಗೆ ಆಯಿಯೇ ಎದ್ದಳು:
"ಸಾಕು ಬಿಡಿ. ಅವಳೂ ಹೆಂಗಸು,
ಹೇಗೆ ಹೇಳಿಯಾಳು?"

ಗೋಕರ್ಣದಲ್ಲಿ ದರ್ಭೆಯಿಂದ ಒಂದು ಅಪ್ಪನನ್ನು ಮಾಡಿದರು.
ಭಟ್ಟರು ಇದು ತಲೆ, ಇದು ತೋಳು ಎಂದು ತೋರಿಸುವಾಗ
ಎಡಗೈ ಉದ್ದವಾಯಿತು ಅನಿಸಿತು, ಹೇಳಲಿಲ್ಲ.
ನನಗೆ ಹದಿನಾಲ್ಕು. ಬೆಂಕಿ ಕೊಟ್ಟೆ.
ಪಿಂಡವಿಟ್ಟು ಕರೆದೇ ಕರೆದೆವು, ಕಾಗೆ ಮುಟ್ಟಲಿಲ್ಲ.
ಆಯಿ ಸೆರಗಿನ ಗಂಟು ಬಿಚ್ಚಿ
ಒಣ ಬಂಗಡೆಯ ಚೂರೊಂದನ್ನು ಅನ್ನದ ಪಕ್ಕ ಇಟ್ಟಳು:
"ಸಪ್ಪೆ ಅನ್ನ ಅವರು ಯಾವತ್ತು ಉಂಡಿದ್ದಾರೆ?"
ಭಟ್ಟರು ಕಡಲಿನ ಕಡೆ ಮುಖ ತಿರುಗಿಸಿದರು,
ತುಂಬ ಹೊತ್ತು ಅಲ್ಲೇ ಏನೋ ನೋಡಿದರು.
ಕಾಗೆ ಬಂತು.

ಮೀನಿಗೆ ಬಂತು ಎನ್ನಿ.
ಕಾಲೇಜಿನ ಮೂರು ವರ್ಷ ನಾನೂ ಹಾಗೇ ಎಂದೆ.

ಕುಂಕುಮ ಮಾತ್ರ ಅವಳು ಅಳಿಸಲಿಲ್ಲ.
ಊರು ಮಾತಾಡಿತು. ಅಕ್ಕತಂಗಿಯರು ಮಾತು ಬಿಟ್ಟರು.
"ಎಸಳು ಇನ್ನೂ ಬಿದ್ದಿಲ್ಲವಲ್ಲ" ಎನ್ನುವಳು,
ಬಂಗಡೆಯ ಕಿವಿರು ಎತ್ತಿ ತೋರಿಸುತ್ತ,
ತಾಜಾ ನೋಡಿ, ಕೆಂಪು ನೋಡಿ ಎಂಬ ಅದೇ ದನಿಯಲ್ಲಿ.
ಹಾಗೆ ಇಪ್ಪತ್ತಾರು ವರ್ಷ.
ಹಣೆಯಲ್ಲಿ ಅದನ್ನು ಇಟ್ಟುಕೊಂಡೇ ಹೋದಳು.

ರೆನಾತೊನ ಸಿಗರೇಟು ಮುಗಿಯಿತು.
ಇಷ್ಟೆಲ್ಲ ದೇವರು, ಎಂದ ಅವನು,
ನೀನು ನಿಜವಾಗಿ ನಂಬುತ್ತೀಯಾ?
ಅಷ್ಟರಲ್ಲಿ ಗಾಳಿ ಎದ್ದು
ನನ್ನ ಲೆಕ್ಕದ ಹಾಳೆ ಹಾರಿ ಬಿತ್ತು.
ಓಡಿಹೋಗದಿರಲೆಂದು ಬೂಟುಗಾಲಲ್ಲಿ ಅದುಮಿದೆ.
ಬಗ್ಗಿ ತೆಗೆದೆ, ದೂಳು ಒರೆಸಿದೆ,
ಕಣ್ಣಿಗೆ ಒತ್ತಿಕೊಂಡೆ.

ಅದೇನು ಮಾಡಿದೆ ಈಗ, ಎಂದ.

ಏನಿಲ್ಲ ಎಂದೆ.
ಪೈಪಿನೊಳಗೆ ಬಿಸಿ ಡಾಂಬರು ಹರಿಯುವ ಸದ್ದು.
ಗಂಟೆ ನೋಡಿ ಬರೆದುಕೊಂಡೆ.